ರೂಮು ಸಿಕ್ಕರೆ ಕಥೆ ಸಿಕ್ಕೀತೇ?

ಗಾಂಧಿನಗರದಲ್ಲಿ ಒಂದು ಹಳೇ ಸಂಪ್ರದಾಯ. ಚಿತ್ರ ಮಾಡ್ತೀನಿ ಅಂತ ಹೊರಟ ನಿರ್ಮಾಪಕರು ಮೊದಲು ಹುಡುಕೋದು ಕಥೆಯನ್ನಲ್ಲ, ಲಾಡ್ಜಿನಲ್ಲಿ ರೂಮನ್ನ! 'ಕಥಾ ಚರ್ಚೆ' ಅಂತ ಅದಕ್ಕೆ ಹೆಸರು. ನಾಲ್ಕು ಜನ, ನಲವತ್ತು ಕಾಫಿ, ರಾಶಿ ರಾಶಿ ಸಿಗರೇಟಿನ ತುಂಡು... ವಾರ ಕಳೆದರೂ ಮೊದಲನೇ ಸೀನೇ ಮುಗಿದಿರೋದಿಲ್ಲ.

ಇಂಥದೇ ಏರ್ಪಾಟು ಹೊರದೇಶಗಳಲ್ಲೂ ಉಂಟು. ಅಲ್ಲಿ ಅದಕ್ಕೆ ರೆಸಿಡೆನ್ಸಿ ಅನ್ನುವ ಗಂಭೀರವಾದ ಹೆಸರು. ಬರೆಯುವವನಿಗೆ ಇರೋಕೆ ಜಾಗ ಕೊಟ್ಟು, 'ನಿನ್ನ ಕೆಲಸ ಮಾಡ್ಕೋಪ್ಪ' ಅಂತ ಬಿಟ್ಟುಬಿಡ್ತಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯ 1967ರಿಂದ ದೇಶದೇಶದ ಲೇಖಕರನ್ನು ಹೀಗೆ ಕರೆಸಿಕೊಳ್ಳುತ್ತಿದೆ. ನಮ್ಮ ವಿವೇಕ ಶಾನಭಾಗರು 2016ರಲ್ಲಿ ಅಲ್ಲಿದ್ದರು. ಕಾನ್ ಚಿತ್ರೋತ್ಸವದವರು 2000ದಲ್ಲಿ ಪ್ಯಾರಿಸ್ಸಿನಲ್ಲಿ ಇಂಥದೊಂದು ವ್ಯವಸ್ಥೆ ಶುರುಮಾಡಿದರು. ಹೊಸ ನಿರ್ದೇಶಕರು ತಿಂಗಳುಗಟ್ಟಲೆ ಅಲ್ಲೇ ಇದ್ದು ಚಿತ್ರಕಥೆ ಬರೆಯಬಹುದು.

ನಮ್ಮ ಹುಡುಗರ ಬಾಯಲ್ಲೂ ಈಗ ಅದೇ ಮಾತು. "ಇಲ್ಲಿ ತಲೆ ಓಡಲ್ಲ ಗುರುವೇ, ನಾಲ್ಕು ತಿಂಗಳು ಫಾರಿನ್ನಲ್ಲಿ ಕೂರಿಸಿ ನೋಡು!" ಕೂರಿಸಬಹುದು ಸ್ವಾಮಿ. ಆದರೆ ಕೂತವನ ಪಾಡೇನು? ಬಾಗಿಲು ತಟ್ಟುವವರಿಲ್ಲ, 'ಊಟ ಆಯ್ತಾ' ಅನ್ನುವವರಿಲ್ಲ, ಕಿಟಕಿಯಾಚೆ ಗುರುತಿನ ಒಂದು ಮುಖವಿಲ್ಲ. ಬೇಕು ಬೇಕು ಅಂತ ಬೇಡಿಕೊಂಡಿದ್ದ ಮೌನವೇ ಎದೆ ಮೇಲೆ ಕೂತುಬಿಡುತ್ತೆ. ಆ ಮೌನವನ್ನು ಪಳಗಿಸಿದ ಇಬ್ಬರ ಕಥೆ ಕೇಳಿ. ಇಬ್ಬರೂ ನಮ್ಮವರೇ, ಇಬ್ಬರ ಕಥೆಯೂ ಕೊನೆಗೆ ಬೆಳ್ಳಿತೆರೆಗೆ ಬಂದದ್ದೇ.

ಮೊದಲನೆಯವರು ಯು.ಆರ್. ಅನಂತಮೂರ್ತಿ. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋದದ್ದು ಪಿಎಚ್.ಡಿ. ಮಾಡೋಕೆ, ಕಾದಂಬರಿ ಬರೆಯೋಕಲ್ಲ. ಎದ್ದರೆ ಇಂಗ್ಲಿಷು, ಕೂತರೆ ಇಂಗ್ಲಿಷು. ಕನ್ನಡಕ್ಕಾಗಿ ಮನಸ್ಸು ಹಸಿಯತೊಡಗಿತು. ಒಂದು ದಿನ ಅಧ್ಯಾಪಕ, ಕಾದಂಬರಿಕಾರ ಮಾಲ್ಕಮ್ ಬ್ರಾಡ್ಬರಿ ಜೊತೆ ಬರ್ಗ್‌ಮನ್ನನ 'ದಿ ಸೆವೆಂತ್ ಸೀಲ್' ಚಿತ್ರಕ್ಕೆ ಹೋದರು. ಮಧ್ಯಯುಗದ ಯೂರೋಪು, ಪ್ಲೇಗು, ಸಾವಿನ ಜೊತೆ ಚದುರಂಗ! ಸಬ್‌ಟೈಟಲ್ ಇರಲಿಲ್ಲ, ಮಾತು ಅರ್ಥವಾಗಲಿಲ್ಲ. ಆದರೂ ಚಿತ್ರ ತಟ್ಟಿತು. ನಿಮಗೆ ಮಧ್ಯಯುಗ ಪುಸ್ತಕದಿಂದ ಬರಬೇಕು, ನಮಗೆ ಅದು ಮನೆಯ ಅಂಗಳದಲ್ಲೇ ಇದೆ ಎಂಬರ್ಥದ ಮಾತನ್ನು ಬ್ರಾಡ್ಬರಿಗೆ ಹೇಳಿದರಂತೆ. ಹಾಗಾದರೆ ಅದನ್ನೇ ಬರಿ ಅಂದರಂತೆ ಆ ಮಹರಾಯ. ಬರೆದದ್ದು 'ಸಂಸ್ಕಾರ'. 1965ರಲ್ಲಿ ಅಚ್ಚಾಯಿತು. ತೀರ್ಥಹಳ್ಳಿ ಸೀಮೆಯ ಅಗ್ರಹಾರ ಬರ್ಮಿಂಗ್‌ಹ್ಯಾಮಿನ ಚಳಿಯಲ್ಲಿ ಎದ್ದು ನಿಂತಿತು ನೋಡಿ! ಪಟ್ಟಾಭಿರಾಮ ರೆಡ್ಡಿ ಅದನ್ನೇ ಚಿತ್ರ ಮಾಡಿದರು. ಸೆನ್ಸಾರಿನವರು ಮೊದಲು ತಡೆದರು, ಆಮೇಲೆ 1970ನೇ ಸಾಲಿನ ರಾಷ್ಟ್ರದ ಅತ್ಯುತ್ತಮ ಚಿತ್ರ ಅಂತ ಅದಕ್ಕೇ ಪ್ರಶಸ್ತಿ ಬಂತು.

ಆ ಚಿತ್ರದ ಪ್ರಾಣೇಶಾಚಾರ್ಯ ಯಾರು? ಗಿರೀಶ ಕಾರ್ನಾಡ! ನಮ್ಮ ಎರಡನೇ ಕಥಾನಾಯಕರೂ ಅವರೇ. 1987ರ ಹೊತ್ತಿಗೆ ನಟನೆ, ನಿರ್ದೇಶನ, ಬೊಂಬಾಯಿ, ದೂರದರ್ಶನ ಅಂತ ಕೈತುಂಬ ಕೆಲಸ. ಆಗ ಫುಲ್‌ಬ್ರೈಟ್‌ನವರ ನೆರವಿನಿಂದ ಷಿಕಾಗೋ ವಿಶ್ವವಿದ್ಯಾಲಯಕ್ಕೆ ಹೋಗಿ ವರ್ಷಕಾಲ ಇದ್ದರು. ಅಲ್ಲಿ ಒಬ್ಬ ಮೈಸೂರಿನವರಿದ್ದರು, ಎ.ಕೆ. ರಾಮಾನುಜನ್. 'ಸಂಸ್ಕಾರ'ವನ್ನು ಇಂಗ್ಲಿಷಿಗೆ ತಂದವರು. ಕನ್ನಡ ನಾಡಿನ ಅಜ್ಜಿಯರ ಕಥೆಗಳನ್ನು ಕಲೆಹಾಕಿ ಇಟ್ಟುಕೊಂಡವರು. ಅವರಿಂದ ಕೇಳಿದ ಎರಡು ಜನಪದ ಕಥೆ ಸೇರಿ 'ನಾಗಮಂಡಲ' ನಾಟಕವಾಯಿತು.

ಆ ಕಥೆಗಳಲ್ಲೊಂದು ಬಹಳ ಮಜವಾಗಿದೆ. ಒಬ್ಬಳಿಗೆ ಒಂದು ಕಥೆ ಗೊತ್ತು, ಒಂದು ಹಾಡು ಗೊತ್ತು. ಯಾರಿಗೂ ಹೇಳಳು. ಒಳಗೇ ಕೊಳೆತ ಕಥೆ ಹೊರಗೆ ಬಂದು ಸೇಡು ತೀರಿಸಿಕೊಳ್ಳುತ್ತೆ! ನಾಟಕದ ಶುರುವಿನಲ್ಲಿ ಬರುವವನೂ ಒಬ್ಬ ನಾಟಕಕಾರನೇ. ಪ್ರೇಕ್ಷಕರನ್ನು ನಿದ್ದೆಗೆ ಕೆಡವಿದ ಪಾಪಕ್ಕೆ ಈಗ ಒಂದು ರಾತ್ರಿ ಪೂರಾ ಎಚ್ಚರವಾಗಿರಬೇಕು, ಇಲ್ಲದಿದ್ದರೆ ಸಾವು. ಬರೆಯುವವರ ಸಂಕಟ ಇದಲ್ಲದೆ ಇನ್ನೇನು?

1993ರಲ್ಲಿ ಆ ನಾಟಕ ಅಮೆರಿಕದ ಮಿನಿಯಾಪೊಲಿಸ್ ನಗರದ ಗಥ್ರೀ ರಂಗಮಂದಿರವನ್ನೇರಿತು. ಕಥೆ ಹೇಳಿದ ರಾಮಾನುಜನ್ ತೀರಿಕೊಂಡದ್ದೂ ಅದೇ ವರ್ಷ. 1997ರಲ್ಲಿ ನಾಗಾಭರಣರ ಚಿತ್ರ ಬಂತು. ಪ್ರಕಾಶ್ ರೈ, ವಿಜಯಲಕ್ಷ್ಮಿ, ಸಿ. ಅಶ್ವಥ್ ಸಂಗೀತ... ನಿಮಗೆ ಹೇಳಬೇಕೆ?

ಈಗ ಲೆಕ್ಕ ಹಾಕಿ. ಇಬ್ಬರಿಗೂ ದೂರ ಕೊಟ್ಟದ್ದೇನು? ಬಿಡುವು. ಆದರೆ ಕಥೆ ಕೊಟ್ಟದ್ದು ದೂರವಲ್ಲ, ಊರು. ಒಬ್ಬರು ಅದನ್ನು ಹೊತ್ತುಕೊಂಡೇ ಹೋಗಿದ್ದರು, ಇನ್ನೊಬ್ಬರಿಗೆ ಅಲ್ಲೊಬ್ಬ ಊರಿನವರು ಹೇಳಿದರು. ಕಿವಿ ಕೊಡೋಕೆ, 'ಬರಿ' ಅನ್ನೋಕೆ ಒಂದು ಜೀವ ಇಬ್ಬರಿಗೂ ಇತ್ತು. ಅಷ್ಟಿದ್ದರೆ ಪರದೇಶದ ಮೇಜೂ ನಮ್ಮ ಮನೆ ಜಗಲಿಯಾದೀತು. ಖಾಲಿ ಪೆಟ್ಟಿಗೆ ಹೊತ್ತು ವಿಮಾನ ಹತ್ತಿದವನು ವಾಪಸು ತರೋದೂ ಖಾಲಿ ಪೆಟ್ಟಿಗೆಯನ್ನೇ. ಅದರಲ್ಲೂ ಈಗಿನವರ ಜೇಬಿನಲ್ಲಿ ಮೊಬೈಲು. ಪ್ಯಾರಿಸ್ಸಿನಲ್ಲಿ ಕೂತರೂ ಕಣ್ಣು ಗಾಂಧಿನಗರದ ಗಾಸಿಪ್ಪಿನ ಮೇಲೆ! ಇನ್ನು ದೂರ ಎಲ್ಲಿಂದ ಬರಬೇಕು?

ಹಾಗಂತ ಬಿಡುವೇ ಬೇಡ ಅಂತಲ್ಲ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನನ್ನಂಥವರಿಗೆ ಫುಲ್‌ಬ್ರೈಟಿನವರು ಬಾಗಿಲು ತೆರೆಯೋದಿಲ್ಲ, ಗೊತ್ತಿದೆ. ಬಾಡಿಗೆ ರೂಮಿನಲ್ಲಿ ಮೂರು ಜನರ ಜೊತೆ ಇದ್ದು, ಹಗಲೆಲ್ಲ ಸೆಟ್ಟಿನಲ್ಲಿ ದುಡಿದು, ರಾತ್ರಿ ನೋಟ್‌ಬುಕ್ ತೆರೆಯುವ ಎಷ್ಟೋ ಹುಡುಗರು ಇಲ್ಲಿದ್ದಾರೆ. ಅವರ ತಲೆಯಲ್ಲಿ ಕಥೆಗೆ ಬರವಿಲ್ಲ, ಬರ ಇರೋದು ಸಮಯಕ್ಕೆ. ಹೇಳದ ಕಥೆ ಸೇಡು ತೀರಿಸಿಕೊಳ್ಳುತ್ತೆ ಅಂತ ಅಜ್ಜಿಯರು ಸುಮ್ಮನೆ ಹೇಳಲಿಲ್ಲ.

ಆದ್ದರಿಂದ ನಿರ್ಮಾಪಕ ಮಹನೀಯರಲ್ಲಿ ಒಂದು ವಿನಂತಿ. ಲಾಡ್ಜಿನ ಬಿಲ್ಲಿಗೆ ಸುರಿಯುವ ದುಡ್ಡನ್ನು ಅಂಥ ಒಬ್ಬ ಹುಡುಗನ ಎರಡು ತಿಂಗಳ ಊಟ-ಬಾಡಿಗೆಗೆ ಕೊಡಿ. ಅವನ ಊರಿಗೇ ಕಳಿಸಿ. ವಾರಕ್ಕೊಮ್ಮೆ ಮಾತ್ರ ಫೋನ್ ಮಾಡಿ, "ಆಯ್ತಾ?" ಅಂತ ಕೇಳಬೇಡಿ, "ಕಥೆ ಹೇಳಪ್ಪಾ" ಅನ್ನಿ.

ಏನಂತೀರಿ ಓದುಗ ಮಿತ್ರರೇ? ಬರ್ತೀನಿ, ಮುಂದಿನ ವಾರ ಸಿಗೋಣ.