ಆಟಗಳ ಜೀರ್ಣೋದ್ಧಾರ

ಹಳೆಯ ದೇವಾಲಯವೊಂದು ಶಿಥಿಲವಾದಾಗ ಊರಿನವರು ಸೇರಿ ಜೀರ್ಣೋದ್ಧಾರಕ್ಕೆ ತೊಡಗುವುದುಂಟು. ಅದರ ಫಲವು ಎರಡು ಬಗೆಯಾಗಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಒಂದು ಕಡೆ ಬಿದ್ದ ಕಲ್ಲನ್ನೆತ್ತಿ ಅದರ ಸ್ಥಾನದಲ್ಲಿಯೇ ನಿಲ್ಲಿಸಿ, ಮಳೆಯ ನೀರು ಸೋರದಂತೆ ಮಾಡಿ, ಶಿಲ್ಪಿಯ ಕೈಗೆಲಸವನ್ನು ಹಾಗೆಯೇ ಉಳಿಸಿರುವರು. ಇನ್ನೊಂದು ಕಡೆ ಕಲ್ಲಿನ ವಿಗ್ರಹಗಳಿಗೆ ಎಣ್ಣೆಯ ಬಣ್ಣ ಬಳಿದು, ಹಳೆಯದು ಹೇಗಿತ್ತೆಂಬುದೇ ತಿಳಿಯದಂತೆ ಮಾಡಿರುವರು. ಎರಡಕ್ಕೂ ಹೆಸರು ಜೀರ್ಣೋದ್ಧಾರವೇ. ಈ ತಿಂಗಳು ನಾವು ಹೇಳಹೊರಟಿರುವುದು ದೇವಾಲಯದ ಮಾತಲ್ಲ. ಕಂಪ್ಯೂಟರಿನಲ್ಲಿ ಆಡುವ ಹಳೆಯ ಸಾಹಸದ ಆಟಗಳ ಮಾತು. ಆದರೆ ಪ್ರಶ್ನೆ ಮಾತ್ರ ಅದೇ.

ಮೂವತ್ತು ವರ್ಷಗಳ ಹಿಂದಿನ ಆಟವೊಂದರ ‘ರೀಮಾಸ್ಟರ್’ ಆವೃತ್ತಿಯನ್ನು ಕೊಳ್ಳುವೆನೆಂದು ಮಗನೋ ಮಗಳೋ ಕೇಳಿದಾಗ, ಒಮ್ಮೆ ಬಂದುಹೋದುದಕ್ಕೆ ಮತ್ತೆ ದುಡ್ಡು ಕೊಡುವುದೇಕೆ ಎಂದು ಮನೆಯ ಹಿರಿಯರು ಶಂಕಿಸುವುದು ಸಹಜವಾದುದು. ಈಚೆಗೆ ಅಂಥ ಕೆಲವು ಆಟಗಳನ್ನು ಮತ್ತೆ ಆಡಿನೋಡಿದ ಮೇಲೆ ನಮಗೆ ತೋರಿದುದನ್ನು ವಾಚಕರ ಮುಂದಿಡುತ್ತೇವೆ.

ಸಾಹಸದ ಆಟವೆಂದೊಡನೆ ಗುಂಡು ಹಾರಿಸುವ ಆಟವೆಂದು ಭಾವಿಸತಕ್ಕದ್ದಲ್ಲ. ಇಲ್ಲಿ ಬೆರಳಿನ ವೇಗಕ್ಕಿಂತ ಬುದ್ಧಿಯ ತಾಳ್ಮೆಯೇ ಮುಖ್ಯ. ಕಂಡ ವಸ್ತುವನ್ನು ಪರೀಕ್ಷಿಸುವುದು, ಎದುರಾದವರೊಡನೆ ಮಾತನಾಡುವುದು, ಒಂದು ಪದಾರ್ಥವನ್ನು ಇನ್ನೊಂದಕ್ಕೆ ಕೂಡಿಸಿ ಒಗಟನ್ನು ಬಿಡಿಸುವುದು—ಇಷ್ಟೇ ಕೆಲಸ. ಅಮೆರಿಕದ ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಸಂಸ್ಥೆಯವರು 1990ರಲ್ಲಿ ಹೊರತಂದ ‘ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮೂಲಕಲ್ಪನೆ ರಾನ್ ಗಿಲ್ಬರ್ಟರದು. ಟಿಮ್ ಶೇಫರ್ ಮತ್ತು ಡೇವ್ ಗ್ರಾಸ್‌ಮನ್ ಅವರ ಜೊತೆಗಾರರು. ಕಡಲುಗಳ್ಳನಾಗಬೇಕೆಂಬ ಹಂಬಲದಿಂದ ಕೆರಿಬಿಯನ್ ದ್ವೀಪವೊಂದಕ್ಕೆ ಬಂದ ಗೈಬ್ರಷ್ ಥ್ರೀಪ್‌ವುಡ್ ಎಂಬ ಮುಗ್ಧ ತರುಣನೇ ಕಥಾನಾಯಕ. ಅವನು ಕಲಿಯಬೇಕಾದ ಕತ್ತಿವರಸೆಯೂ ವಿಚಿತ್ರವಾದುದು: ಎದುರಾಳಿಯು ಮೂದಲಿಸಿದರೆ ಆ ಮೂದಲೆಗೆ ತಕ್ಕ ಮಾರುತ್ತರವನ್ನು ಕೊಟ್ಟವನಿಗೇ ಜಯ. ತಾಳಮದ್ದಳೆಯ ಅರ್ಥಧಾರಿಗಳ ವಾದ ಪ್ರತಿವಾದಗಳನ್ನು ಕೇಳಿದವರಿಗೆ ಇದರ ಸವಿ ಒಡನೆಯೇ ತಿಳಿಯುವುದು.

ಆ ಕಾಲದ ಅನೇಕ ಸಾಹಸದ ಆಟಗಳಲ್ಲಿ ಹೆಜ್ಜೆಯೊಂದು ತಪ್ಪಿದರೆ ನಾಯಕನಿಗೆ ಸಾವೇ ಗತಿಯಾಗಿತ್ತು. ಸತ್ತು ಸತ್ತು ದಾರಿಯನ್ನು ಕಲಿಯುವಂತೆ ಮಾಡುವುದು ಸರಿಯಲ್ಲವೆಂದು ಗಿಲ್ಬರ್ಟರು 1989ರಲ್ಲಿಯೇ ಲೇಖನವೊಂದರಲ್ಲಿ ವಾದಿಸಿದ್ದರು. ತಮ್ಮ ಆಟದಲ್ಲಿ ಅವರು ಹಾಗೆಯೇ ನಡೆದುಕೊಂಡರು. ಗೈಬ್ರಷನು ಹತ್ತು ನಿಮಿಷ ಉಸಿರು ಹಿಡಿದಿರಬಲ್ಲನು. ಅವನನ್ನು ಅದಕ್ಕೂ ಹೆಚ್ಚು ಹೊತ್ತು ನೀರಿನೊಳಗೆ ಮರೆತು ಕುಳಿತರೆ ಮಾತ್ರ ಅವನ ಪ್ರಾಣಕ್ಕೆ ಅಪಾಯ. ತಪ್ಪು ಮಾಡಿಯೂ ಕಲಿಯಬಹುದಾದ ಆಟವು ಮಕ್ಕಳಿರುವ ಮನೆಗೆ ಒಪ್ಪುವುದೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ಯಂತ್ರಗಳ ಆಯುಷ್ಯವು ಅಲ್ಪವಾದುದು. ಈ ಆಟದ ಮೊದಲ ಆವೃತ್ತಿಯ ಚಿತ್ರಗಳು ಅಡ್ಡಲಾಗಿ 320, ಉದ್ದಕ್ಕೆ 200 ಚುಕ್ಕಿಗಳಲ್ಲಿ, ಕೇವಲ 16 ಬಣ್ಣಗಳಲ್ಲಿ ಮೂಡಿದವು. ಮುಂದೆ 256 ಬಣ್ಣಗಳ ಆವೃತ್ತಿಯೂ ಬಂದಿತು. ಕಳ್ಳಪ್ರತಿಯನ್ನು ತಡೆಯುವುದಕ್ಕಾಗಿ ಕಡಲುಗಳ್ಳರ ಮುಖಗಳನ್ನು ಮುದ್ರಿಸಿದ ರಟ್ಟಿನ ಚಕ್ರವೊಂದು ಪೆಟ್ಟಿಗೆಯಲ್ಲಿರುತ್ತಿತ್ತು. ಅದನ್ನು ತಿರುಗಿಸಿ ಉತ್ತರ ಕೊಡದೆ ಆಟವು ಮೊದಲಾಗುತ್ತಿರಲಿಲ್ಲ. ಆ ಫ್ಲಾಪಿಗಳನ್ನು ಓದುವ ಯಂತ್ರಗಳು ಇಂದು ಮನೆಗಳಲ್ಲಿಲ್ಲ. ಆದಕಾರಣ 2009ರಲ್ಲಿ ವಿಶೇಷ ಆವೃತ್ತಿ ಬಂದಿತು. ಚಿತ್ರಗಳನ್ನೆಲ್ಲ ಹೊಸದಾಗಿ ಬರೆದು, ಬರಿಯ ಅಕ್ಷರಗಳಾಗಿದ್ದ ಮಾತುಗಳಿಗೆ ನಟರಿಂದ ದನಿ ಕೊಡಿಸಿದರು. ಅದಕ್ಕಿಂತ ಹೆಚ್ಚಿನದು, ಒಂದು ಕೀಲಿಯನ್ನೊತ್ತಿದರೆ ಅದೇ ದೃಶ್ಯವು ಹಳೆಯ ರೂಪದಲ್ಲಿ ಕಾಣುವಂತೆ ಮಾಡಿದರು.

ನಾವು ಇದನ್ನು ಆಡುತ್ತಿದ್ದಾಗ ಪಕ್ಕದಲ್ಲಿ ಹನ್ನೆರಡು ವರ್ಷದ ಸೋದರಸೊಸೆ ಕುಳಿತಿದ್ದಳು. ಕೀಲಿಯನ್ನು ಮತ್ತೆ ಮತ್ತೆ ಒತ್ತಿನೋಡಿ, “ಮಾವ, ಹಳೆಯದರಲ್ಲಿ ಇವನಿಗೆ ಕಣ್ಣು ಮೂಗು ಸರಿಯಾಗಿ ಕಾಣುವುದೇ ಇಲ್ಲವಲ್ಲ!” ಎಂದಳು. “ಅದನ್ನು ನಾವೇ ಮನಸ್ಸಿನಲ್ಲಿ ಬರೆದುಕೊಳ್ಳುತ್ತಿದ್ದೆವಮ್ಮ” ಎಂದೆವು. ಸ್ವಲ್ಪ ಹೊತ್ತಿನ ಮೇಲೆ ಅವಳು ಹಳೆಯ ರೂಪದಲ್ಲಿಯೇ ಆಟವನ್ನು ಮುಂದುವರಿಸಿದಳು. ಹೊಸ ಚಿತ್ರವು ಸ್ಫುಟವಾಗಿದ್ದುದು ನಿಜ. ಆದರೆ ಅಲ್ಲಿ ಗೈಬ್ರಷನ ಮುಖವನ್ನು ಬೇರೆಯವರು ಆಗಲೇ ನಿಶ್ಚಯಿಸಿಬಿಟ್ಟಿದ್ದರು. ಈ ಆವೃತ್ತಿಯಲ್ಲಿ ಒಂದು ಕೊರತೆಯೂ ಉಂಟು: ಹಳೆಯ ರೂಪಕ್ಕೆ ಮರಳಿದರೆ ನಟರ ದನಿ ನಿಂತುಹೋಗುವುದು. ಎರಡನೆಯ ಮಂಕಿ ಐಲೆಂಡಿನ ವಿಶೇಷ ಆವೃತ್ತಿಯು 2010ರಲ್ಲಿ ಬಂದಾಗ ಈ ಲೋಪವನ್ನು ತಿದ್ದಿದರು.

ಇನ್ನೂ ಅಂದವಾದ ಕೆಲಸ 2016ರದು. ಶೇಫರ್ ಮತ್ತು ಗ್ರಾಸ್‌ಮನ್ನರು 1993ರಲ್ಲಿ ನಿರ್ದೇಶಿಸಿದ ‘ಡೇ ಆಫ್ ದಿ ಟೆಂಟಕಲ್’ ಆಗ ಹೊಸದಾಯಿತು. ಅದರಲ್ಲಿ ಮೂವರು ಗೆಳೆಯರು ಒಂದೇ ಮನೆಯಲ್ಲಿ, ಆದರೆ ಮೂರು ಕಾಲಗಳಲ್ಲಿ ಸಿಕ್ಕಿಕೊಂಡಿರುವರು: ಒಬ್ಬನು ಇಂದು, ಒಬ್ಬನು 200 ವರ್ಷಗಳ ಹಿಂದೆ, ಒಬ್ಬಳು 200 ವರ್ಷಗಳ ಮುಂದೆ. ಅವರ ಕಾಲಯಂತ್ರಗಳು ಸಂಚಾರಿ ಪಾಯಿಖಾನೆಗಳು! ಮುಂದಿನ ಕಾಲದ ಹುಡುಗಿ ಮರವೊಂದಕ್ಕೆ ಸಿಕ್ಕಿ ನೇತಾಡುತ್ತಿರುವಳು. ಹಿಂದಿನ ಕಾಲದವನು ಆ ಮರದ ಹಣ್ಣುಗಳಿಗೆ ಕೆಂಪು ಬಣ್ಣ ಬಳಿಯುವನು. ಜಾರ್ಜ್ ವಾಷಿಂಗ್ಟನ್ ಅದನ್ನು ಚೆರ್ರಿಯ ಮರವೆಂದು ಭ್ರಮಿಸಿ ಕಡಿದುಹಾಕುವನು. 200 ವರ್ಷಗಳಾಚೆ ಮರವಿಲ್ಲದಂತಾಗಿ ಹುಡುಗಿ ನೆಲಕ್ಕಿಳಿಯುವಳು. ಹೊಸ ಆವೃತ್ತಿಯಲ್ಲಿ ಚಿತ್ರ, ಧ್ವನಿ, ಆಡುವ ಕ್ರಮ ಇವುಗಳಲ್ಲಿ ಪ್ರತಿಯೊಂದನ್ನೂ ಹಳೆಯದೋ ಹೊಸದೋ ಆಡುವವರೇ ಆರಿಸಿಕೊಳ್ಳಬಹುದು. 1987ರ ‘ಮೇನಿಯಾಕ್ ಮ್ಯಾನ್ಷನ್’ ಎಂಬ ಹಿಂದಿನ ಆಟವು ಈ ಆಟದೊಳಗಿನ ಕಂಪ್ಯೂಟರಿನಲ್ಲಿ ಇಡಿಯಾಗಿ ಅಡಗಿದ್ದಿತು; ಅದನ್ನೂ ಹಾಗೆಯೇ ಉಳಿಸಿರುವರು.

ಎಲ್ಲ ಕಡೆಯೂ ಹೀಗಾಗಲಿಲ್ಲ. 1997ರ ‘ಬ್ಲೇಡ್ ರನ್ನರ್’ ಆಟದ ಮೂಲ ಕ್ರಮವಿಧಿಯೇ ಕಳೆದುಹೋಗಿತ್ತು. ಸ್ಕಮ್‌ವಿಎಂ ಎಂಬ ಉಚಿತ ಯೋಜನೆಯ ಉತ್ಸಾಹಿಗಳು ವರ್ಷಗಟ್ಟಲೆ ಶ್ರಮಿಸಿ ಅದನ್ನು ಹೊಸ ಯಂತ್ರಗಳಲ್ಲಿ ನಡೆಯುವಂತೆ ಮಾಡಿದ ಮೇಲೆ, 2019ರಲ್ಲಿ ಅದು ಮತ್ತೆ ಮಾರಾಟಕ್ಕೆ ಬಂದಿತು. 2022ರಲ್ಲಿ ‘ಉತ್ತಮಗೊಳಿಸಿದ’ ಆವೃತ್ತಿಯೊಂದು ಹೊರಟಾಗ ಹಳೆಯದರ ಪ್ರತ್ಯೇಕ ಮಾರಾಟವನ್ನು ನಿಲ್ಲಿಸಿದರು. ಹೊಸದರಲ್ಲಿ ಚಿತ್ರಗಳು ಮಸುಕಾಗಿವೆಯೆಂದು ಆಡಿದವರು ದೂರಿದರು. ಆಕ್ಷೇಪಣೆಗಳು ಹೆಚ್ಚಿದ ಬಳಿಕ ಹಳೆಯದನ್ನು ಮತ್ತೆ ಮಾರಾಟಕ್ಕಿಟ್ಟರು. ಯಾರೂ ಕೇಳದೆ ಇದ್ದಿದ್ದರೆ ಎಣ್ಣೆಯ ಬಣ್ಣವೇ ಉಳಿಯುತ್ತಿತ್ತು.

ಇದು ಆಟದ ಮಾತಲ್ಲವೆ, ಇಷ್ಟೊಂದು ಚಿಂತೆಯೇಕೆ ಎನ್ನಬಹುದು. ಅಮೆರಿಕದಲ್ಲಿ 2010ಕ್ಕೆ ಮುಂಚೆ ಹೊರಬಂದ ವಿಡಿಯೋ ಆಟಗಳಲ್ಲಿ ನೂರಕ್ಕೆ 87 ಇಂದು ಪೇಟೆಯಲ್ಲಿ ದೊರೆಯುವುದಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿತು. ಅಂಥ ಆಟಗಳನ್ನು ಸಂಶೋಧಕರು ದೂರದಿಂದಲೇ ನೋಡುವಂತೆ ಪುಸ್ತಕಭಂಡಾರಗಳಿಗೆ ಅನುಮತಿ ಬೇಕೆಂಬ ಕೋರಿಕೆಯನ್ನು ಅಲ್ಲಿನ ಕಾಪಿರೈಟ್ ಕಚೇರಿಯು 2024ರಲ್ಲಿ ನಿರಾಕರಿಸಿತು. ಅಜ್ಜನ ಕಾಲದ ಪುಸ್ತಕವನ್ನು ಧೂಳು ಕೊಡವಿ ಓದಬಹುದು. ಆಟವನ್ನು ಹಾಗೆ ತೆರೆಯಲಾಗದು; ಯಾರಾದರೂ ಎತ್ತಿ ನಿಲ್ಲಿಸಿದರೆ ಮಾತ್ರ ಅದು ಮತ್ತೊಂದು ತಲೆಮಾರಿಗೆ ದಕ್ಕುವುದು.

ಆದುದರಿಂದ ಮಕ್ಕಳು ಕೇಳಿದಾಗ ಬೇಡವೆನ್ನುವ ಮೊದಲು ಒಂದು ಮಾತನ್ನು ವಿಚಾರಿಸಿರಿ: ಈ ಹೊಸ ಆವೃತ್ತಿಯಲ್ಲಿ ಹಳೆಯದೂ ಇದೆಯೇ? ಇದೆಯೆಂದರೆ ಸಂತೋಷವಾಗಿ ಕೊಳ್ಳಿರಿ. ಸಂಜೆ ಒಂದು ಗಳಿಗೆ ಪಕ್ಕದಲ್ಲಿ ಕುಳಿತು ಒಗಟಿಗೆ ನೀವೂ ತಲೆ ಕೊಡಿರಿ. ಹೊಸ ಬಣ್ಣಕ್ಕೆ ನಮ್ಮ ವಿರೋಧವಿಲ್ಲ. ಗರ್ಭಗುಡಿಯ ಹಳೆಯ ಬಾಗಿಲಿಗೆ ಬೀಗ ಹಾಕಬಾರದೆಂಬುದಷ್ಟೇ ನಮ್ಮ ಬಿನ್ನಹ.