ಅರವತ್ತಕ್ಕೆ ಅರಳುಮರಳು: ಗಾದೆ ಎಷ್ಟು ನಿಜ?

ಅಜ್ಜಿ ಊಟ ಮಾಡಿದ್ದನ್ನು ಮರೆತು ಮತ್ತೆ ತಟ್ಟೆ ಕೇಳುತ್ತಾರೆ. ಅಪ್ಪ ಸಂತೆಯಿಂದ ಬರುವಾಗ ಮನೆಯ ದಾರಿ ತಪ್ಪುತ್ತಾರೆ. ‘ಅರವತ್ತಕ್ಕೆ ಅರಳುಮರಳು’ ಎಂದು ನಾವು ಸುಮ್ಮನಾಗುತ್ತೇವೆ. ಈ ಗಾದೆ ನಿಜವೇ?

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ದೊಡ್ಡ ಸಂಖ್ಯೆಯೇ. ಆದರೆ ನೂರರಲ್ಲಿ 90ಕ್ಕೂ ಹೆಚ್ಚು ಹಿರಿಯರಿಗೆ ಅದು ಇಲ್ಲ. ವಯಸ್ಸಾದಂತೆ ಅಪಾಯ ಹೆಚ್ಚುತ್ತದೆ, ನಿಜ. ಹಾಗೆಂದು ಅದು ಮುಪ್ಪಿನ ಸಹಜ ಲಕ್ಷಣವಲ್ಲ, ಮಿದುಳಿನ ಕಾಯಿಲೆ.

ಯಾವ ಮರೆವು ಸಹಜ?

ಕನ್ನಡಕ ಎಲ್ಲಿಟ್ಟೆ ಎಂದು ಮರೆತು ಆಮೇಲೆ ನೆನಪಾದರೆ ಚಿಂತೆ ಬೇಡ. ಹತ್ತು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ, ನಲವತ್ತು ವರ್ಷ ಮಾಡಿದ ಸಾರಿನ ಕ್ರಮವೇ ತಿಳಿಯದಿರುವುದು, ಪಿಂಚಣಿ ಹಣದ ಲೆಕ್ಕ ಸಿಗದೆ ಸೊಸೆಯ ಮೇಲೆ ಕಳ್ಳತನದ ಅನುಮಾನ: ಇಂಥವು ಕಂಡರೆ ವೈದ್ಯರಿಗೆ ತೋರಿಸಬೇಕು.

ತೋರಿಸಿ ಏನು ಪ್ರಯೋಜನ?

ಬಹಳ ಪ್ರಯೋಜನವಿದೆ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ನಿದ್ದೆ ಮಾತ್ರೆಗಳು, ಬಿದ್ದು ತಲೆಯೊಳಗೆ ಕಟ್ಟಿಕೊಂಡ ರಕ್ತ, ಇವೂ ಮರೆವು ತರಬಲ್ಲವು. ಇವಕ್ಕೆ ಚಿಕಿತ್ಸೆ ಇದೆ. ಒಂದೆರಡು ದಿನದಲ್ಲೇ ಗೊಂದಲ ಶುರುವಾದರೆ ಸೋಂಕು ಇರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಡಿಮೆನ್ಶಿಯಾಕ್ಕೆ ಅತಿ ಸಾಮಾನ್ಯ ಕಾರಣವಾದ ಅಲ್ಝೈಮರ್ಸ್ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಲಕ್ಷಣಗಳನ್ನು ಕೆಲಕಾಲ ಹತೋಟಿಯಲ್ಲಿಡುವ ಔಷಧಿಗಳಿವೆ. ಬೇಗ ತಿಳಿದರೆ ಬ್ಯಾಂಕು, ಆಸ್ತಿ, ಮುಂದಿನ ಆರೈಕೆ ಕುರಿತು ಅವರ ಇಷ್ಟವನ್ನು ಅವರ ಬಾಯಿಂದಲೇ ಕೇಳಬಹುದು.

ಮನೆಯಲ್ಲಿ ಹೇಗಿರಬೇಕು?

‘ನಾನು ಯಾರು ಹೇಳು ನೋಡೋಣ’ ಎಂದು ಕೇಳುತ್ತಿದ್ದರೆ ನೆನಪು ಚುರುಕಾಗುತ್ತದೆ ಎಂಬ ನಂಬಿಕೆ ತಪ್ಪು. ಉತ್ತರ ತೋಚದವರಿಗೆ ಆಗುವುದು ಅವಮಾನ ಮಾತ್ರ. ‘ಅಮ್ಮಾ, ನಾನು ನಿನ್ನ ಮಗಳು’ ಎಂದು ನಾವೇ ಹೇಳಿದರಾಯಿತು.

ಎಂಬತ್ತರ ತಾಯಿ ‘ನಮ್ಮಮ್ಮ ಕಾಯ್ತಿದ್ದಾಳೆ, ಮನೆಗೆ ಹೋಗ್ಬೇಕು’ ಎನ್ನುತ್ತಾರೆ. ‘ನಿಮ್ಮಮ್ಮ ಸತ್ತು ಮೂವತ್ತು ವರ್ಷ ಆಯ್ತು’ ಎಂದರೆ ಸಾವಿನ ಸುದ್ದಿಯನ್ನು ಅವರು ಈಗಷ್ಟೇ ಕೇಳಿದಂತೆ. ವಾದ ಬಿಟ್ಟು ‘ನಿಮ್ಮಮ್ಮ ಏನೇನು ಅಡುಗೆ ಮಾಡ್ತಿದ್ರು?’ ಎಂದು ಕೇಳಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ಜೊತೆಗೆ ನಡೆದರೆ ಆತಂಕ ಇಳಿಯುತ್ತದೆ.

ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ, ರಾತ್ರಿ ಬಚ್ಚಲಿನ ದೀಪ, ಗ್ಯಾಸ್ ಬಂದ್ ಮಾಡಿದ್ದೇವೆಯೇ ಎಂಬ ಗಮನ: ಇವು ಸಣ್ಣವು, ಆದರೆ ಜೀವ ಉಳಿಸುವಂಥವು. ದಾರಿ ತಪ್ಪಿದ ತಂದೆಯನ್ನು ಹುಡುಕುವ ಮಗನ ಕಥೆಯನ್ನು 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ನಾವು ನೋಡಿದ್ದೇವೆ.

ನೋಡಿಕೊಳ್ಳುವವರ ಗತಿ?

ಬಹುತೇಕ ಮನೆಗಳಲ್ಲಿ ಈ ಹೊರೆ ಹೆಂಡತಿ, ಮಗಳು ಅಥವಾ ಸೊಸೆ ಒಬ್ಬಳದೇ. ನಿದ್ದೆಗೆಟ್ಟವರಿಗೆ ಸಿಟ್ಟು ಬರುವುದು ಸಹಜ. ಅದಕ್ಕೆ ಅವರನ್ನು ದೂರಬಾರದು. ವಾರಕ್ಕೆ ಒಂದು ದಿನವಾದರೂ ಉಳಿದವರು ಆ ಕೆಲಸ ಹಂಚಿಕೊಳ್ಳಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಪಾಸಣೆ ಮತ್ತು ಕುಟುಂಬಕ್ಕೆ ಸಲಹೆ ಎರಡೂ ಸಿಗುತ್ತವೆ. ಆರೈಕೆ ಮಾಡುವವರು ತಮ್ಮ ಮನಸ್ಸಿನ ಬಳಲಿಕೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಮುಂದಿನ ಸಲ ಯಾರಾದರೂ ‘ಅರಳುಮರಳು’ ಎಂದು ನಕ್ಕರೆ, ‘ಡಾಕ್ಟರಿಗೆ ತೋರಿಸಿದ್ರಾ?’ ಎಂದು ಕೇಳೋಣ.