ಹೆಸರಿದ್ದವರಿಗಷ್ಟೇ ಕಂಬನಿ

ಒಮ್ಮೆಯೂ ಮುಖತಃ ಕಾಣದ ಕಾಮಿಕ್ಸ್ ಕರ್ತೃವೊಬ್ಬರ ಸಾವಿಗೆ ದೇಶದೇಶಗಳ ಓದುಗರು ಕಣ್ಣೀರಿಡುವುದನ್ನು ಸಾಮಾನ್ಯವಾಗಿ ಎರಡು ರೀತಿಯಲ್ಲಿ ವಿವರಿಸಲಾಗುತ್ತದೆ. ಅದು ಕಳೆದುಹೋದ ಬಾಲ್ಯದ ಹಳಹಳಿಕೆ ಎಂಬುದು ಒಂದು ವಿವರಣೆಯಾದರೆ, ಸಿನಿಮಾದಿಂದ ಹಿಡಿದು ಆಟಿಕೆ, ಅಂಗಿ, ಶಾಲಾಚೀಲಗಳವರೆಗೆ ಹಬ್ಬಿರುವ ಉದ್ಯಮವು ತನ್ನ ಗಿರಾಕಿಗಳಲ್ಲಿ ಬೆಳೆಸಿದ ಭಾವುಕತೆ ಎಂಬುದು ಇನ್ನೊಂದು. ಎರಡರಲ್ಲೂ ಒಂದಿಷ್ಟು ಸತ್ಯವಿದೆಯಾದರೂ, ಈ ಶೋಕವು ಒಂದು ತೀರ್ಪು ಕೂಡ ಆಗಿರುತ್ತದೆ ಎಂಬ ಸಂಗತಿಯನ್ನು ಎರಡೂ ಗಮನಿಸುವುದಿಲ್ಲ. ಕಥೆ ಹೆಣೆಯುವವರು, ಪೆನ್ಸಿಲ್‌ನಲ್ಲಿ ಚಿತ್ರ ಬರೆಯುವವರು, ಅದರ ಮೇಲೆ ಶಾಯಿ ತಿದ್ದುವವರು, ಬಣ್ಣ ತುಂಬುವವರು, ಮಾತಿನ ಗುಳ್ಳೆಗಳಲ್ಲಿ ಅಕ್ಷರ ಬರೆಯುವವರು ಹೀಗೆ ಹಲವರ ಕೈ ಸೇರಿ ಆಗುವ ಕಾಮಿಕ್ಸ್‌ನಲ್ಲಿ, ಓದುಗರು ಯಾರಿಗಾಗಿ ಅಳುತ್ತಾರೋ ಅವರನ್ನೇ ಆ ಕೃತಿಯ ಒಡೆಯರೆಂದು ಒಪ್ಪಿದಂತಾಗುತ್ತದೆ. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದದ್ದು ಎಂಬುದನ್ನು ಅರಿಯಲು 2018ರಲ್ಲಿ ಅಮೆರಿಕದಲ್ಲಿ ಸಂಭವಿಸಿದ ಎರಡು ಸಾವುಗಳಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಸ್ಪೈಡರ್‌ಮ್ಯಾನ್ ಪಾತ್ರದ ಸೃಷ್ಟಿಕರ್ತರು ಇಬ್ಬರು. 1962ರ ಆಗಸ್ಟ್ ತಿಂಗಳ 'ಅಮೇಜಿಂಗ್ ಫ್ಯಾಂಟಸಿ' 15ನೇ ಸಂಚಿಕೆಯಲ್ಲಿ ಆ ಪಾತ್ರ ಮೊದಲು ಕಾಣಿಸಿಕೊಂಡಾಗ ಅದನ್ನು ಬರೆದವರು ಸ್ಟಾನ್ ಲೀ, ಚಿತ್ರಿಸಿದವರು ಸ್ಟೀವ್ ಡಿಟ್ಕೊ. 90 ವರ್ಷದ ಡಿಟ್ಕೊ 2018ರ ಜೂನ್ 29ರಂದು ನ್ಯೂಯಾರ್ಕ್‌ನ ತಮ್ಮ ಮನೆಯಲ್ಲಿ ನಿರ್ಜೀವವಾಗಿ ಪತ್ತೆಯಾದರು. ಅವರು ತೀರಿಕೊಂಡು ಅದಾಗಲೇ ಎರಡು ದಿನ ಆಗಿತ್ತೆಂದು ಅಂದಾಜಿಸಲಾಯಿತು, ಸುದ್ದಿ ಲೋಕಕ್ಕೆ ತಿಳಿಯಲು ಇನ್ನೂ ಒಂದು ವಾರ ಹಿಡಿಯಿತು. ಅದೇ ವರ್ಷದ ನವೆಂಬರ್ 12ರಂದು ಲಾಸ್ ಏಂಜಲೀಸ್‌ನ ಆಸ್ಪತ್ರೆಯಲ್ಲಿ 95 ವರ್ಷದ ಲೀ ನಿಧನರಾದಾಗ, ಹಾಲಿವುಡ್‌ನ ಕಾಲುದಾರಿಯಲ್ಲಿ ಅವರ ಹೆಸರು ಕೆತ್ತಿದ ನಕ್ಷತ್ರಫಲಕದ ಸುತ್ತ ಅಂದೇ ಹೂವಿನ ರಾಶಿ ಬಿತ್ತು, ಮುಂದಿನ ಜನವರಿಯಲ್ಲಿ ಸಾರ್ವಜನಿಕ ಶ್ರದ್ಧಾಂಜಲಿ ಸಭೆ ನಡೆಯಿತು, 2019ರ ಮಾರ್ಚ್‌ನಲ್ಲಿ ಬಿಡುಗಡೆಯಾದ 'ಕ್ಯಾಪ್ಟನ್ ಮಾರ್ವೆಲ್' ಚಿತ್ರದ ಆರಂಭದ ಲಾಂಛನದಲ್ಲಿ ಪಾತ್ರಗಳ ಬದಲು ಲೀ ಅವರದೇ ದೃಶ್ಯಗಳು ಮೂಡಿಬಂದವು. ಡಿಟ್ಕೊ ಅವರನ್ನು ನೆನೆದವರು ಹೆಚ್ಚಾಗಿ ಕಾಮಿಕ್ಸ್ ಕಲಾವಿದರು ಮತ್ತು ಹಳೆಯ ಸಂಚಿಕೆಗಳನ್ನು ಬಲ್ಲ ಓದುಗರು.

ಈ ಅಂತರಕ್ಕೆ ಇಬ್ಬರ ಸ್ವಭಾವವೂ ಒಂದು ಕಾರಣ ಎಂಬುದನ್ನು ಒಪ್ಪಬೇಕು. ಡಿಟ್ಕೊ ದಶಕಗಳ ಕಾಲ ಸಂದರ್ಶನ ಕೊಡಲಿಲ್ಲ, ಫೋಟೊ ತೆಗೆಸಿಕೊಳ್ಳಲಿಲ್ಲ, ತಮ್ಮ ಪರವಾಗಿ ತಮ್ಮ ಕೃತಿಯೇ ಮಾತಾಡಬೇಕು ಎಂಬ ನಿಲುವಿಗೆ ಕೊನೆಯವರೆಗೂ ಅಂಟಿಕೊಂಡರು. ಲೀ ಅದಕ್ಕೆ ತೀರಾ ವಿರುದ್ಧವಾಗಿದ್ದರು: ಸ್ಪೈಡರ್‌ಮ್ಯಾನ್ ಪ್ರಕಾಶಕರಾದ ಮಾರ್ವೆಲ್ ಕಂಪನಿಯ ಸಂಚಿಕೆಗಳ ಅಂಕಣದಲ್ಲಿ ಓದುಗರೊಡನೆ ಗೆಳೆಯನ ಸಲಿಗೆಯಲ್ಲಿ ಹರಟುತ್ತ, ಅವರ ಪತ್ರಗಳಿಗೆ ಉತ್ತರಿಸುತ್ತ, ಸಹೋದ್ಯೋಗಿಗಳಿಗೆಲ್ಲ ತಮಾಷೆಯ ಅಡ್ಡಹೆಸರಿಟ್ಟು ಕಚೇರಿಯನ್ನೇ ಒಂದು ಕುಟುಂಬವೆಂಬಂತೆ ಚಿತ್ರಿಸಿದ ಅವರು, ಮುಂದೆ ಮಾರ್ವೆಲ್ ಚಲನಚಿತ್ರಗಳಲ್ಲಿ ಕ್ಷಣಕಾಲ ಬಂದುಹೋಗುವ ಪಾತ್ರಗಳಿಂದ ಕಾಮಿಕ್ಸನ್ನೇ ಓದದ ಪ್ರೇಕ್ಷಕರಿಗೂ ಪರಿಚಿತರಾದರು. ಸಮಾಜವಿಜ್ಞಾನಿಗಳಾದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲಿ 'ಪ್ಯಾರಾಸೋಷಿಯಲ್' ಸಂಬಂಧ ಎಂಬ ಪರಿಕಲ್ಪನೆಯನ್ನು ಮಂಡಿಸಿದ್ದರು. ರೇಡಿಯೊ ಅಥವಾ ಟಿ.ವಿ.ಯಲ್ಲಿ ದಿನವೂ ಎದುರಾಗುವ ವ್ಯಕ್ತಿ ತನ್ನನ್ನೇ ಉದ್ದೇಶಿಸಿ ಮಾತಾಡುತ್ತಿದ್ದಾನೆ ಎಂಬ ಭಾವದಿಂದ ವೀಕ್ಷಕನಲ್ಲಿ ಬೆಳೆಯುವ ಒಮ್ಮುಖದ ಸ್ನೇಹಕ್ಕೆ ಅವರು ಕೊಟ್ಟ ಹೆಸರು ಅದು. ಲೀ ಆ ಸ್ನೇಹವನ್ನು ಅಚ್ಚಿನ ಪುಟದಲ್ಲೇ ಸಾಧಿಸಿದರು. ಅವರ ಸಾವು ಓದುಗರಿಗೆ ಬಳಗದ ಹಿರಿಯರೊಬ್ಬರನ್ನು ಕಳೆದುಕೊಂಡಂತೆ ತೋರಿದ್ದು ಸಹಜ.

ಆದರೆ ಸ್ವಭಾವದ ವಿವರಣೆ ಇಡೀ ಕಥೆಯನ್ನು ಹೇಳುವುದಿಲ್ಲ. 1960ರ ದಶಕದಲ್ಲಿ ಮಾರ್ವೆಲ್‌ನಲ್ಲಿ ಜಾರಿಯಲ್ಲಿದ್ದ, 'ಮಾರ್ವೆಲ್ ವಿಧಾನ' ಎಂದು ಹೆಸರಾದ ಪದ್ಧತಿಯಲ್ಲಿ ಬರಹಗಾರರು ಪೂರ್ಣ ಕಥನವನ್ನು ಬರೆದುಕೊಡುತ್ತಿರಲಿಲ್ಲ. ಕಥೆಯ ಎಳೆಯೊಂದನ್ನು ಚರ್ಚಿಸಿದ ಬಳಿಕ, ಘಟನೆಗಳನ್ನು ಪುಟಪುಟಕ್ಕೂ ಹಂಚಿ, ಸನ್ನಿವೇಶಗಳ ಏರಿಳಿತವನ್ನು ನಿರ್ಧರಿಸಿ ಚಿತ್ರಿಸುವ ಹೊಣೆ ಕಲಾವಿದರದ್ದಾಗಿತ್ತು, ಆಮೇಲಷ್ಟೇ ಬರಹಗಾರರು ಸಂಭಾಷಣೆ ತುಂಬುತ್ತಿದ್ದರು. ಆದ್ದರಿಂದ ಈ ಪದ್ಧತಿಯಲ್ಲಿ ಚಿತ್ರಕಾರರು ಅರೆಪಾಲು ಕಥೆಗಾರರೂ ಆಗಿದ್ದರು. ಮೈಮೇಲೆ ಬಿದ್ದ ಭಾರೀ ಯಂತ್ರದಡಿ ಸಿಲುಕಿದ ಸ್ಪೈಡರ್‌ಮ್ಯಾನ್ ಚೌಕದಿಂದ ಚೌಕಕ್ಕೆ ಬಲಗೂಡಿಸಿಕೊಂಡು ಅದನ್ನು ಎತ್ತಿ ಬಿಸಾಡುವ ಅವನದೇ ಹೆಸರಿನ ಸರಣಿಯ 33ನೇ ಸಂಚಿಕೆಯ ಪುಟಗಳನ್ನು ಓದುಗರು ಇಂದಿಗೂ ಆ ಸರಣಿಯ ಶಿಖರವೆಂದು ಎಣಿಸುತ್ತಾರೆ. ಆ ಹೊತ್ತಿಗೆ ಕಥಾಹಂದರದ ಕರ್ತೃ ಡಿಟ್ಕೊ ಎಂದು ಸಂಚಿಕೆಯಲ್ಲೇ ಅಚ್ಚಾಗುತ್ತಿತ್ತಾದರೂ, ಆ ಮನ್ನಣೆ ದೊರೆತದ್ದು 25ನೇ ಸಂಚಿಕೆಯಿಂದೀಚೆಗೆ ಮಾತ್ರ. 38ನೇ ಸಂಚಿಕೆಗೆ ಅವರು ಆ ಸರಣಿಯನ್ನೇ ಬಿಟ್ಟರು.

ಇಲ್ಲಿರುವ ವಿಪರ್ಯಾಸವನ್ನು ಲೀ ಅವರ ಪರವಾಗಿಯೂ ಹೇಳಬೇಕು. ಚಿತ್ರ, ಶಾಯಿ, ಅಕ್ಷರಗಳ ಕೆಲಸ ಮಾಡಿದವರ ಹೆಸರನ್ನು ಕಥೆಯ ಮೊದಲ ಪುಟದಲ್ಲಿ ನಿಯಮಿತವಾಗಿ ಮುದ್ರಿಸುವುದು ಅಮೆರಿಕದ ಕಾಮಿಕ್ಸ್‌ನಲ್ಲಿ ಅಪರೂಪವಾಗಿದ್ದ ಕಾಲದಲ್ಲಿ ಅದನ್ನು ರೂಢಿಗೆ ತಂದವರಲ್ಲಿ ಅವರು ಪ್ರಮುಖರು. ಹೆಸರಿನ ಬೆಲೆ ಅರಿತಿದ್ದ ಅವರೇ, ಸ್ಪೈಡರ್‌ಮ್ಯಾನ್ ಸೃಷ್ಟಿಯಲ್ಲಿ ಡಿಟ್ಕೊ ಅವರ ಪಾಲಿನ ಪ್ರಶ್ನೆ ಬಂದಾಗ 1999ರಲ್ಲಿ ಬಹಿರಂಗ ಪತ್ರ ಬರೆದು, ಡಿಟ್ಕೊ ಅವರನ್ನು ಸಹಸೃಷ್ಟಿಕರ್ತರೆಂದು ತಾವು ಸದಾ ಪರಿಗಣಿಸಿರುವುದಾಗಿ ತಿಳಿಸಿದರು. ಪರಿಗಣಿಸುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ ಎಂಬ ಕಾರಣಕ್ಕೆ ಡಿಟ್ಕೊ ಆ ಮಾತನ್ನು ಸ್ವೀಕರಿಸಲಿಲ್ಲ. ಒಂದು ಕ್ರಿಯಾಪದದ ಮೇಲಿನ ಈ ಜಗಳ ಹೊರಗಿನವರಿಗೆ ಸಣ್ಣದಾಗಿ ಕಂಡರೂ, ಪಾತ್ರವೊಂದರ ಹುಟ್ಟಿನಲ್ಲಿ ತನ್ನ ಪಾಲು ಇನ್ನೊಬ್ಬರ ಔದಾರ್ಯವೋ ಸ್ವಂತದ ಹಕ್ಕೋ ಎಂಬ ಪ್ರಶ್ನೆ ಅದರೊಳಗಿತ್ತು.

ಅಮೆರಿಕದ ಕಾನೂನು ಈ ಪ್ರಶ್ನೆಯನ್ನು ಬಹುಕಾಲ ಕಂಪನಿಗಳ ಪರವಾಗಿಯೇ ಬಗೆಹರಿಸಿತು. ಮಾಲೀಕರ ಸೂಚನೆಯಂತೆ ಸಂಭಾವನೆ ಪಡೆದು ಮಾಡಿಕೊಟ್ಟ ಕೃತಿಗೆ ಮಾಡಿಸಿದವರೇ ಕರ್ತೃ ಎಂದು ಅಲ್ಲಿನ ಹಕ್ಕುಸ್ವಾಮ್ಯ ನಿಯಮ ಭಾವಿಸುತ್ತದೆ. ಮಾರಿದ ಹಕ್ಕನ್ನು ದಶಕಗಳ ಬಳಿಕ ಮರಳಿ ಪಡೆಯಲು 1976ರ ಕಾಯ್ದೆ ಕೊಟ್ಟ ಅವಕಾಶವೂ ಇಂತಹ ಕೃತಿಗಳಿಗೆ ಅನ್ವಯಿಸುವುದಿಲ್ಲ. ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ತರುಣರು 1938ರಲ್ಲಿ ಸೂಪರ್‌ಮ್ಯಾನ್‌ನ ಹಕ್ಕನ್ನು 130 ಡಾಲರ್‌ಗೆ ಬಿಟ್ಟುಕೊಟ್ಟದ್ದು ಈ ಇತಿಹಾಸದ ಮೊದಲ ಅಧ್ಯಾಯ. ಬ್ಯಾಟ್‌ಮ್ಯಾನ್ ರೂಪುಗೊಳ್ಳಲು ಕಾರಣರಾದ ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡರು, ಅವರಿಗೆ ಅಧಿಕೃತ ಮನ್ನಣೆ ದೊರೆತದ್ದು 2015ರಲ್ಲಿ. 'ಫೆಂಟಾಸ್ಟಿಕ್ ಫೋರ್'ನಿಂದ ಮೊದಲುಗೊಂಡು ಲೀ ಅವರೊಡನೆ ಮಾರ್ವೆಲ್‌ನ ಹತ್ತಾರು ಪಾತ್ರಗಳನ್ನು ಸೃಷ್ಟಿಸಿದ ಜಾಕ್ ಕರ್ಬಿ 1994ರಲ್ಲಿ ನಿಧನರಾದ ಮೇಲೆ ಅವರ ಮಕ್ಕಳು ಹೂಡಿದ ಹೋರಾಟ ಕೆಳಗಿನ ನ್ಯಾಯಾಲಯಗಳಲ್ಲಿ ಸೋತರೂ, ಸುಪ್ರೀಂ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳಬಹುದಾಗಿದ್ದ ಘಟ್ಟದಲ್ಲಿ, 2014ರ ಸೆಪ್ಟೆಂಬರ್‌ನಲ್ಲಿ, ಕಂಪನಿ ರಾಜಿ ಮಾಡಿಕೊಂಡಿತು. ಡಿಟ್ಕೊ ವಾರಸುದಾರರೊಡನೆ ಅಂತಹದೇ ರಾಜಿ ಆದದ್ದು 2023ರ ಡಿಸೆಂಬರ್‌ನಲ್ಲಿ, ಅವರು ತೀರಿಕೊಂಡ ಐದು ವರ್ಷಗಳ ಬಳಿಕ. ಕಂಬನಿಯ ಹಂಚಿಕೆಯಲ್ಲಿ ಕಂಡ ಅಸಮತೋಲ ಅದಕ್ಕೆ ಎಷ್ಟೋ ಮೊದಲೇ ಹಣ ಮತ್ತು ಹಕ್ಕಿನ ಹಂಚಿಕೆಯಲ್ಲಿ ಇತ್ತು.

ಹಾಗೆಂದು ಲೀ ಅವರಿಗಾಗಿ ಅತ್ತವರನ್ನು ಹಳಿಯುವುದು ತಪ್ಪಾಗುತ್ತದೆ. ಅವರು ತೀರಿಕೊಂಡ ವಾರದಲ್ಲೇ ಟಿ.ವಿ. ನಿರೂಪಕ ಬಿಲ್ ಮಾಹರ್, ಬೆಳೆದವರು ಕಾಮಿಕ್ಸ್‌ಗೆ ಇಷ್ಟು ಮಹತ್ವ ಕೊಡುವುದೇ ಸಮಾಜದ ಬೌದ್ಧಿಕ ಇಳಿಕೆಯ ಲಕ್ಷಣ ಎಂಬ ಧಾಟಿಯಲ್ಲಿ ಬರೆದು ಭಾರೀ ಟೀಕೆಗೆ ಗುರಿಯಾದರು. ಆ ವಾದ ನಿಲ್ಲುವುದಿಲ್ಲ. ವಾರಕ್ಕೋ ತಿಂಗಳಿಗೋ ಒಂದರಂತೆ, ಹತ್ತಿಪ್ಪತ್ತು ಪುಟಗಳಾಗಿ, ವರ್ಷಗಟ್ಟಲೆ ಬರುವ ಕಥೆಯು ಒಮ್ಮೆ ಓದಿ ಮುಗಿಸುವ ಕಾದಂಬರಿಗಿಂತ ಬೇರೆ ಬಗೆಯಲ್ಲಿ ಓದುಗನ ಬದುಕಿನೊಳಗೆ ಸೇರುತ್ತದೆ. ಓದುಗ ಶಾಲೆ ಮುಗಿಸಿ, ಕೆಲಸಕ್ಕೆ ಸೇರಿ, ಸಂಸಾರಸ್ಥನಾಗುವವರೆಗೂ ಪಾತ್ರ ಜೊತೆಗಿರುತ್ತದೆ. ಚಲನಚಿತ್ರ ನಟನ ದೇಹವನ್ನು ಕಂಡವರು ಆ ದೇಹದ ಅಳಿವಿಗೆ ಶೋಕಿಸುವಂತೆ, ಕಾಮಿಕ್ಸ್ ಓದುಗರು ಒಂದು ರೇಖೆಯ ಬಳುಕು, ಒಂದು ಮಾತಿನ ವರಸೆ ಇನ್ನು ಹೊಸದಾಗಿ ಹುಟ್ಟುವುದಿಲ್ಲ ಎಂಬುದಕ್ಕೆ ಶೋಕಿಸುತ್ತಾರೆ. ಪಾತ್ರಗಳು ಅಮರ, ಅವನ್ನು ಬೇರೆಯವರು ಮುಂದುವರಿಸುತ್ತಾರೆ ಎಂದು ಉದ್ಯಮ ಹೇಳುವ ಸಮಾಧಾನವನ್ನು ಒಪ್ಪದ ಈ ದುಃಖ, ಪಾತ್ರದ ಹಿಂದೆ ದುಡಿದ ಮನುಷ್ಯನೊಬ್ಬನಿದ್ದ ಎಂಬುದಕ್ಕೆ ಸಾಕ್ಷಿ ಹೇಳುತ್ತದೆ. ಕೊರತೆ ಇರುವುದು ಆ ಸಾಕ್ಷಿಗೆ ಬೇಕಾದ ಮಾಹಿತಿ ಓದುಗರಿಗೆ ತಲುಪದಿರುವುದರಲ್ಲಿ.

ಜಪಾನಿನ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ಅಲ್ಲಿನ ಕಾಮಿಕ್ಸ್ ಪ್ರಕಾರವಾದ ಮಾಂಗಾದಲ್ಲಿ ಕಥೆಯನ್ನೂ ಚಿತ್ರವನ್ನೂ ಹೆಚ್ಚಾಗಿ ಒಬ್ಬರೇ ಮಾಡುತ್ತಾರೆ, ಅವರ ಹೆಸರು ಹೊದಿಕೆಯ ಮೇಲಿರುತ್ತದೆ, ಸರಣಿಯು ಸಾಮಾನ್ಯವಾಗಿ ಅವರೊಂದಿಗೇ ಆರಂಭವಾಗಿ ಅವರೊಂದಿಗೇ ಮುಗಿಯುತ್ತದೆ. 'ಡ್ರ್ಯಾಗನ್ ಬಾಲ್' ಸರಣಿಯನ್ನು 1984ರಿಂದ 1995ರವರೆಗೆ 519 ಅಧ್ಯಾಯಗಳಲ್ಲಿ ಬರೆದು ಚಿತ್ರಿಸಿದ ಅಕಿರಾ ಟೊರಿಯಾಮಾ ಕೂಡ ಜನರ ಕಣ್ಣಿಗೆ ಬೀಳಲು ಇಷ್ಟಪಡದವರೇ. ಆದರೂ 2024ರ ಮಾರ್ಚ್ 1ರಂದು 68ನೇ ವಯಸ್ಸಿನಲ್ಲಿ ಅವರು ತೀರಿಕೊಂಡ ಸುದ್ದಿ ಒಂದು ವಾರದ ನಂತರ ಹೊರಬಿದ್ದಾಗ, ಫ್ರಾನ್ಸ್ ಅಧ್ಯಕ್ಷರಿಂದ ಚೀನಾ ವಿದೇಶಾಂಗ ಸಚಿವಾಲಯದ ವಕ್ತಾರರವರೆಗೆ ಸಂತಾಪ ಸೂಚಿಸಿದರು. ಬ್ಯೂನಸ್ ಐರಿಸ್‌ನ ಒಬೆಲಿಸ್ಕ್ ಸ್ತಂಭದ ಬಳಿ ನೆರೆದ ಅಭಿಮಾನಿಗಳು, ಕಥೆಯಲ್ಲಿ ನಾಯಕ ಗೊಕುವಿಗೆ ಜಗತ್ತಿನ ಜನರೆಲ್ಲ ತಮ್ಮ ಶಕ್ತಿಯನ್ನು ಧಾರೆಯೆರೆಯುವ ಭಂಗಿಯಲ್ಲಿ, ಎರಡೂ ಕೈಗಳನ್ನು ಆಕಾಶಕ್ಕೆ ಎತ್ತಿ ನಿಂತರು. ಏಕಾಂತಪ್ರಿಯತೆ ಟೊರಿಯಾಮಾ ಅವರನ್ನು ಮರೆವಿಗೆ ದೂಡಲಿಲ್ಲ ಎಂದಮೇಲೆ, ಡಿಟ್ಕೊ ಅವರಿಗೆ ಒದಗಿದ ಮರೆವಿಗೆ ಅವರ ಏಕಾಂತವೊಂದನ್ನೇ ಹೊಣೆ ಮಾಡುವಂತಿಲ್ಲ. ಜಪಾನಿನ ಪದ್ಧತಿಯೂ ಪೂರ್ಣ ನ್ಯಾಯವಾದದ್ದೇನಲ್ಲ, ಅಲ್ಲಿ ಹಿನ್ನೆಲೆಯನ್ನು ಚಿತ್ರಿಸುವ ಸಹಾಯಕರು ಅನಾಮಿಕರಾಗಿಯೇ ಉಳಿಯುತ್ತಾರೆ. 'ಬರ್ಸರ್ಕ್' ಕರ್ತೃ ಕೆಂಟಾರೊ ಮಿಯುರಾ 2021ರಲ್ಲಿ ನಿಧನರಾಗಿ, ಮರುವರ್ಷ ಅವರ ಸಹಾಯಕರ ತಂಡವೇ ಕಥೆಯನ್ನು ಮುಂದುವರಿಸಿದಾಗಷ್ಟೇ ಆ ಕೈಗಳು ಬಹಳಷ್ಟು ಓದುಗರ ಗಮನಕ್ಕೆ ಬಂದವು.

ಈ ಚರ್ಚೆ ಕನ್ನಡಿಗರಿಗೆ ದೂರದ್ದಲ್ಲ. 'ಅಮರ ಚಿತ್ರಕಥಾ' ಮಾಲಿಕೆಯನ್ನು 1967ರಲ್ಲಿ, 'ಟಿಂಕಲ್' ಪತ್ರಿಕೆಯನ್ನು 1980ರಲ್ಲಿ ಆರಂಭಿಸಿದ ಅನಂತ ಪೈ ಹುಟ್ಟಿದ್ದು 1929ರಲ್ಲಿ, ಕಾರ್ಕಳದಲ್ಲಿ. ಮಕ್ಕಳ ಪತ್ರಗಳಿಗೆ ಉತ್ತರಿಸುತ್ತ 'ಅಂಕಲ್ ಪೈ' ಎಂದೇ ಮನೆಮಾತಾದ ಅವರು ಲೀ ಅವರಂತೆಯೇ ಸಂಪಾದಕನೂ ಪ್ರೀತಿಪಾತ್ರನಾಗಬಲ್ಲ ಎಂಬುದನ್ನು ತೋರಿಸಿಕೊಟ್ಟರು. 2011ರ ಫೆಬ್ರುವರಿ 24ರಂದು ಮುಂಬೈನಲ್ಲಿ ಅವರು ತೀರಿಕೊಂಡಾಗ ಎರಡು ಮೂರು ತಲೆಮಾರುಗಳ ಭಾರತೀಯರು ಸ್ವಂತ ನೆಂಟರನ್ನು ಕಳೆದುಕೊಂಡಂತೆ ಮರುಗಿದರು. ಅದು ಅವರಿಗೆ ಸಲ್ಲಬೇಕಾದ ಗೌರವವೇ. ಆದರೆ ಆ ಮಾಲಿಕೆಯ 'ಕೃಷ್ಣ' ಸಂಚಿಕೆಗೂ ಟಿಂಕಲ್‌ನ ಸುಪ್ಪಾಂಡಿಗೂ ರೂಪ ಕೊಟ್ಟ ರಾಮ್ ವಾಯಿರ್ಕರ್ 2003ರಲ್ಲಿ ನಿಧನರಾದಾಗ, ಸುಪ್ಪಾಂಡಿಯನ್ನು ನೋಡಿ ನಕ್ಕಿದ್ದ ಎಷ್ಟು ಮಂದಿಗೆ ಆ ಹೆಸರು ತಿಳಿದಿತ್ತು? ಪ್ರತಾಪ್ ಮುಳಿಕ್, ದಿಲೀಪ್ ಕದಂ ಮೊದಲಾದ ಚಿತ್ರಕಾರರು, ಕಥೆಗಳನ್ನು ಬರೆದು ತಿದ್ದಿದ ಕಮಲಾ ಚಂದ್ರಕಾಂತ್ ಅವರಂತಹವರು ಕಟ್ಟಿಕೊಟ್ಟ ರಾಮ, ಭೀಷ್ಮ, ಶಿವಾಜಿಯರ ಮುಖಗಳೇ ಇಂದಿಗೂ ನಗರದ ಮಧ್ಯಮವರ್ಗದ ಕಣ್ಣಿಗೆ ಕಟ್ಟಿರುವ ಮುಖಗಳಾಗಿದ್ದರೂ, ಆ ಹೆಸರುಗಳು ಒಳಪುಟದ ಸಣ್ಣಕ್ಷರದಿಂದ ಓದುಗರ ನೆನಪಿಗೆ ದಾಟಿ ಬರಲಿಲ್ಲ.

ಆದ್ದರಿಂದ ಅಭಿಮಾನಿಗಳ ಶೋಕವನ್ನು ಕಡಿಮೆ ಮಾಡಬೇಕಿಲ್ಲ, ಅದು ಸಲ್ಲಬೇಕಾದವರಿಗೆಲ್ಲ ಸಲ್ಲುವಂತೆ ಮಾಡಬೇಕಿದೆ. ಅದಕ್ಕೆ ಸಾವಿನ ನಂತರದ ಶ್ರದ್ಧಾಂಜಲಿಗಿಂತ ಬದುಕಿರುವಾಗಿನ ಒಪ್ಪಂದ ಮುಖ್ಯ. ಹಳೆಯ ಚಿತ್ರಕಥೆಗಳನ್ನು ಮರುಮುದ್ರಿಸುವ, ಹೊಸದಾಗಿ ಮಕ್ಕಳ ಪುಸ್ತಕಗಳನ್ನು ಹೊರತರುವ ಪ್ರಕಾಶಕರು, ಕನ್ನಡದವರೂ ಸೇರಿದಂತೆ, ಲೇಖಕರ ಹೆಸರಿನ ಪಕ್ಕದಲ್ಲೇ ಅಷ್ಟೇ ದೊಡ್ಡ ಅಕ್ಷರದಲ್ಲಿ ಚಿತ್ರಕಾರರ ಹೆಸರನ್ನು ಹೊದಿಕೆಯ ಮೇಲೆ ಮುದ್ರಿಸುವುದನ್ನೂ, ಒಂದೇ ಬಾರಿಯ ಸಂಭಾವನೆಗೆ ಕೈತೊಳೆದುಕೊಳ್ಳದೆ ಪ್ರತಿ ಮುದ್ರಣಕ್ಕೆ ಗೌರವಧನ ಕೊಡುವುದನ್ನೂ ನಿಯಮವಾಗಿಸಿಕೊಳ್ಳಬೇಕು. ಮಗುವಿನ ಕೈಗೆ ಚಿತ್ರಪುಸ್ತಕ ಕೊಡುವ ಹಿರಿಯರು ಕಥೆಗೆ ಮೊದಲು ಅದನ್ನು ಬರೆದವರ, ಚಿತ್ರಿಸಿದವರ ಹೆಸರುಗಳನ್ನು ಓದಿ ಹೇಳಲಿ.